ಬಸ್ಸು ಹೇಗಿದೆ ಎಂಬ ಅನಿಸಿಕೆಯನ್ನು ಅಳೆಯುವುದು ಹೇಗೆ?

ಮಂಗಳೂರಿನ ಸ್ಟೇಟ್‌ಬ್ಯಾಂಕ್‌ನಲ್ಲೋ ಉಡುಪಿಯ ಸಿಟಿ ಬಸ್ ಸ್ಟ್ಯಾಂಡಿನಲ್ಲೋ ಬಸ್ಸಿಗೆ ಕಾಯುತ್ತಿರುವಾಗ ಕಾಲೇಜಿನ ಹುಡುಗಿಯೊಬ್ಬಳು ಫಾರ್ಮ್ ಹಿಡಿದು ಹತ್ತಿರ ಬರಬಹುದು. "ಅಕ್ಕ, ಎರಡು ನಿಮಿಷ ಉಂಟಾ? ಬಸ್ಸಿನ ಬಗ್ಗೆ ಸ್ವಲ್ಪ ಕೇಳ್ಲಿಕ್ಕುಂಟು." ಸೀಟು ಆರಾಮವಾಗಿದೆಯೇ, ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆಯೇ, ಕಂಡಕ್ಟರ್ ಮರ್ಯಾದೆಯಿಂದ ಮಾತಾಡುತ್ತಾರೆಯೇ ಎಂದೆಲ್ಲ ಪ್ರಶ್ನೆಗಳು. ಒಂದೊಂದಕ್ಕೂ 1ರಿಂದ 5ರ ಒಳಗೆ ಅಂಕ ಕೊಡಬೇಕು. ಅಷ್ಟರಲ್ಲಿ ನಮ್ಮ ಬಸ್ಸು ಬಂದರೆ ಫಾರ್ಮ್ ಅರ್ಧದಲ್ಲೇ ಉಳಿಯುತ್ತದೆ.

ಇಂಥ ಅಂಕಗಳಿಗೆ ಈಗ ತೂಕ ಬಂದಿದೆ. ಕೇಂದ್ರ ಸರಕಾರ 111 ನಗರಗಳನ್ನು ಹೋಲಿಸಿ ತಯಾರಿಸಿದ 2020ರ 'ಈಸ್ ಆಫ್ ಲಿವಿಂಗ್' ಸೂಚ್ಯಂಕದಲ್ಲಿ ಒಟ್ಟು ಅಂಕದ ಶೇ 30ರಷ್ಟು ಜನರ ಅನಿಸಿಕೆಗೇ ಮೀಸಲಾಗಿತ್ತು. ಊರಿನಲ್ಲಿ ಏನೇನಿದೆ ಎಂಬ ದಾಖಲೆಯ ಜೊತೆಗೆ, ಅಲ್ಲಿ ಬದುಕುವವರಿಗೆ ಹೇಗನ್ನಿಸುತ್ತದೆ ಎಂಬುದೂ ಲೆಕ್ಕಕ್ಕೆ ಬಂತು. ನಮ್ಮ ಕರಾವಳಿಯಲ್ಲಿ ಇದು ಇನ್ನೂ ಮುಖ್ಯ. ಯಾಕೆಂದರೆ ಇಲ್ಲಿ ಸಿಟಿ ಬಸ್ ಅಂದರೆ ಹೆಚ್ಚಾಗಿ ಖಾಸಗಿ ಬಸ್ಸು. ಬೇರೆ ಬೇರೆ ಮಾಲೀಕರು, ಒಂದೇ ರಸ್ತೆ. ಇಷ್ಟೂ ಬಸ್ಸುಗಳ ಒಟ್ಟು ಅನುಭವ ಗೊತ್ತಿರುವುದು ದಿನಾ ಹತ್ತಿ ಇಳಿಯುವ ಪ್ರಯಾಣಿಕರಿಗೆ ಮಾತ್ರ.

ಮನಸ್ಸಿಗೆ ಅನ್ನಿಸಿದ್ದನ್ನು ಅಳೆಯಲು ಆಗುತ್ತದೆಯೇ? ಆಗುತ್ತದೆ. ಅದಕ್ಕೆ ಹಲವು ದಶಕಗಳಲ್ಲಿ ಬೆಳೆದು ಬಂದ ವಿಧಾನಗಳಿವೆ. ಆದರೆ ತಪ್ಪಾಗಿ ಅಳೆದು, ಆ ತಪ್ಪು ಸಂಖ್ಯೆಯನ್ನೇ ನಂಬಿಬಿಡುವುದೂ ಅಷ್ಟೇ ಸುಲಭ.

ಒಂದೇ ಬಸ್ಸು, ನಾಲ್ಕು ಲೆಕ್ಕ

ಸಾರ್ವಜನಿಕ ಸಾರಿಗೆಯ ಗುಣಮಟ್ಟಕ್ಕೆಂದೇ ಯುರೋಪಿನಲ್ಲಿ 2002ರಲ್ಲಿ ಒಂದು ಮಾನದಂಡ ಬಂತು. ಅದರ ಹೆಸರು ಇಎನ್ 13816. ಅದು ಗುಣಮಟ್ಟವನ್ನು ನಾಲ್ಕು ಕಡೆಯಿಂದ ನೋಡುತ್ತದೆ. ಪ್ರಯಾಣಿಕರಿಗೆ ಬೇಕಾಗಿರುವುದು ಏನು, ಸಂಸ್ಥೆ ಕೊಡುತ್ತೇನೆ ಎಂದುಕೊಂಡಿರುವುದು ಏನು, ನಿಜವಾಗಿ ಕೊಟ್ಟದ್ದು ಏನು, ಪ್ರಯಾಣಿಕರಿಗೆ ಸಿಕ್ಕಿತು ಅನ್ನಿಸಿದ್ದು ಏನು.

ಇದನ್ನು ನಮ್ಮ ರಸ್ತೆಗೆ ತಂದು ನೋಡಿ. ಖಾಸಗಿ ಬಸ್ಸು ಓಡಬೇಕಾದರೆ 1988ರ ಮೋಟಾರು ವಾಹನ ಕಾಯ್ದೆಯಡಿ ಪರ್ಮಿಟ್ ಬೇಕು. ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ಯಾವ ಮಾರ್ಗ, ದಿನಕ್ಕೆ ಎಷ್ಟು ಟ್ರಿಪ್, ಯಾವ ಟೈಮಿಂಗ್ ಎಂಬುದು ಪರ್ಮಿಟ್ಟಿಗೆ ಸೇರಿದ ವಿಷಯ. ಇದು ಕೊಡುತ್ತೇನೆ ಎಂದ ಮಾತು. ಆ ದಿನ ಎಷ್ಟು ಟ್ರಿಪ್ ನಿಜವಾಗಿ ಓಡಿತು, ಎಷ್ಟು ಟ್ರಿಪ್ ಕಟ್ ಆಯಿತು ಎಂಬುದು ಕೊಟ್ಟದ್ದರ ಲೆಕ್ಕ. ಇವೆರಡನ್ನೂ ಕಾಗದ ನೋಡಿ, ಟಿಕೆಟ್ ಮೆಷಿನ್ ನೋಡಿ, ಜಿಪಿಎಸ್ ನೋಡಿ ಹೇಳಬಹುದು. ಜನರಿಗೆ ಏನು ಬೇಕಿತ್ತು, ಅವರಿಗೆ ಹೇಗನ್ನಿಸಿತು ಎಂಬ ಉಳಿದೆರಡನ್ನು ಜನರನ್ನು ಕೇಳದೆ ತಿಳಿಯಲು ಬೇರೆ ದಾರಿ ಇಲ್ಲ.

ನಾಲ್ಕೂ ಒಂದಕ್ಕೊಂದು ಹೊಂದಬೇಕೆಂದೇನಿಲ್ಲ. ಎಲ್ಲಿ ಹೊಂದುವುದಿಲ್ಲವೋ ಅಲ್ಲೇ ಸಮೀಕ್ಷೆಯ ಕೆಲಸ ಶುರುವಾಗುವುದು. ಟ್ರಿಪ್ ಎಲ್ಲ ಓಡಿದೆ, ಆದರೂ ಜನ "ಬಸ್ಸೇ ಇಲ್ಲ" ಅನ್ನುತ್ತಾರೆ ಅಂದರೆ ಅವರು ಸುಳ್ಳು ಹೇಳುತ್ತಿದ್ದಾರೆ ಎಂದಾಗುವುದಿಲ್ಲ. ಅದು ಹೇಗೆ ಎಂಬುದನ್ನು ಸ್ವಲ್ಪ ಮುಂದೆ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ನಿರೀಕ್ಷೆ ಎಂಬ ಅಳತೆಗೋಲು

ಮೀನೂಟಕ್ಕೆ ಹೋಗುತ್ತೇವೆ ಅಂದುಕೊಳ್ಳಿ. ರಸ್ತೆ ಬದಿಯ ಪುಟ್ಟ ಹೋಟೆಲಿನಲ್ಲಿ ಬೆಂಚಿನ ಮೇಲೆ ಕುಳಿತು ಉಂಡು ಖುಷಿಯಾಗಿ ಏಳುತ್ತೇವೆ. ಅದೇ ಬೆಂಚು, ಅದೇ ತಟ್ಟೆ ಎಸಿ ಹೋಟೆಲಿನಲ್ಲಿ ಇದ್ದಿದ್ದರೆ ಬೇಸರವಾಗುತ್ತಿತ್ತು. ಸಿಕ್ಕಿದ್ದು ಒಂದೇ, ಮನಸ್ಸಿನಲ್ಲಿ ಇಟ್ಟುಕೊಂಡು ಹೋದ ನಿರೀಕ್ಷೆ ಮಾತ್ರ ಬೇರೆ. ಗುಣಮಟ್ಟದ ಅನಿಸಿಕೆ ಹುಟ್ಟುವುದು ಈ ಎರಡರ ನಡುವಿನ ಅಂತರದಲ್ಲಿ. ಪರಶುರಾಮನ್, ಝೈಥಾಮ್ಲ್, ಬೆರ್ರಿ ಎಂಬ ಮೂವರು ಸಂಶೋಧಕರು ಅಮೆರಿಕದಲ್ಲಿ 1985ರಲ್ಲಿ ಮುಂದಿಟ್ಟ ವಿಚಾರ ಇದು.

ಅದೇ ಊಟದಲ್ಲಿ ಇನ್ನೊಂದು ವಿಷಯವೂ ಇದೆ. ಅನ್ನ ಬಿಸಿಯಾಗಿತ್ತು, ಮೀನು ಹಳಸಿರಲಿಲ್ಲ ಎಂದು ಯಾರೂ ಹೊಗಳುವುದಿಲ್ಲ. ಆದರೆ ಅದು ತಪ್ಪಿದರೆ ಆ ಕಡೆ ಮತ್ತೆ ತಲೆ ಹಾಕುವುದಿಲ್ಲ. ಫ್ರೈಯ ತುಂಡು ದೊಡ್ಡದಾದಷ್ಟೂ ಖುಷಿ ಜಾಸ್ತಿ, ಚಿಕ್ಕದಾದಷ್ಟೂ ಬೇಸರ ಜಾಸ್ತಿ. ಇನ್ನು ಕೇಳದೆಯೇ ಒಂದು ಸೌಟು ಸುಕ್ಕ ಬಡಿಸಿದರೆ ಅದು ನಿರೀಕ್ಷೆಯೇ ಇಲ್ಲದ ಸಂತೋಷ. ಜಪಾನಿನ ನೊರಿಯಾಕಿ ಕಾನೊ 1984ರಲ್ಲಿ ಗುಣಮಟ್ಟವನ್ನು ಹೀಗೆ ಬಗೆ ಬಗೆಯಾಗಿ ವಿಂಗಡಿಸಿ ತೋರಿಸಿದರು. ಇರಲೇಬೇಕಾದದ್ದು, ಹೆಚ್ಚಿದಷ್ಟು ಒಳ್ಳೆಯದು, ಇದ್ದರೆ ಹಿಗ್ಗು ತರುವುದು ಎಂಬ ಮೂರು ಅದರಲ್ಲಿ ಮುಖ್ಯವಾದವು.

ಬಸ್ಸಿನಲ್ಲಿ ಬ್ರೇಕ್ ಸರಿ ಇರುವುದು, ಸ್ಟಾಪಿನಲ್ಲಿ ಪೂರ್ತಿ ನಿಲ್ಲಿಸುವುದು ಇರಲೇಬೇಕಾದದ್ದರ ಸಾಲಿಗೆ ಸೇರುತ್ತದೆ. ಎಷ್ಟು ಹೊತ್ತಿಗೊಮ್ಮೆ ಬಸ್ಸು ಬರುತ್ತದೆ ಎಂಬುದು ಎರಡನೆಯ ಸಾಲು. ಬಸ್ಸು ಎಲ್ಲಿ ತಲುಪಿದೆ ಎಂದು ಮೊಬೈಲಿನಲ್ಲಿ ಕಾಣುವುದು ಮೂರನೆಯದು. ಈ ವಿಂಗಡಣೆ ಯಾಕೆ ಬೇಕು ಅಂದರೆ, ಇರಲೇಬೇಕಾದದ್ದು ಇಲ್ಲದಿರುವಾಗ ಮೂರನೆಯ ಸಾಲಿಗೆ ಖರ್ಚು ಮಾಡಿ ಪ್ರಯೋಜನವಿಲ್ಲ. ಬಾಗಿಲಲ್ಲಿ ನೇತಾಡಿಕೊಂಡು ಬಂದವರಿಗೆ ವೈಫೈ ಕೊಟ್ಟರೆ ಅಂಕ ಏರುವುದಿಲ್ಲ.

ನಿರೀಕ್ಷೆ ನಿಂತಲ್ಲೇ ನಿಲ್ಲುವುದೂ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ಖಾಸಗಿ ಬಸ್ಸಿಗೆ ಈ ಯೋಜನೆ ಅನ್ವಯಿಸುವುದಿಲ್ಲ. ಹಾಗಾಗಿ ಮಂಗಳೂರು, ಉಡುಪಿಯ ಬಹಳಷ್ಟು ಮಾರ್ಗಗಳಲ್ಲಿ ಮಹಿಳೆಯರು ದುಡ್ಡು ಕೊಟ್ಟೇ ಹೋಗುತ್ತಾರೆ. ಕೊಟ್ಟ ಹಣಕ್ಕೆ ತಕ್ಕ ಸೇವೆ ಸಿಕ್ಕಿತೇ ಎಂದು 2022ರಲ್ಲಿ ಕೇಳಿದಾಗ ಬಂದ ಉತ್ತರವನ್ನೂ ಈಗ ಬರುವ ಉತ್ತರವನ್ನೂ ಪಕ್ಕಪಕ್ಕ ಇಟ್ಟು ನೋಡುವಾಗ ಎಚ್ಚರ ಬೇಕು. ಬಸ್ಸು ಬದಲಾಗದೆ ಇದ್ದರೂ ಹೋಲಿಕೆಯ ಅಳತೆಗೋಲು ಬದಲಾಗಿರುತ್ತದೆ.

ಐದು ಮುಖ, ಇಪ್ಪತ್ತೆರಡು ಪ್ರಶ್ನೆ

ಅದೇ ಮೂವರು 1988ರಲ್ಲಿ 'ಸರ್ವ್‌ಕ್ವಾಲ್' ಎಂಬ ಪ್ರಶ್ನಾವಳಿ ಕೊಟ್ಟರು. ಮೊದಲು ಹತ್ತು ಅಂಶಗಳಿದ್ದವು, ಕೊನೆಗೆ ಐದಕ್ಕೆ ಇಳಿಸಿದರು. ಇದು ಬಸ್ಸಿಗೆಂದು ಮಾಡಿದ್ದಲ್ಲ, ಬ್ಯಾಂಕಿನಂಥ ಸೇವೆಗಳನ್ನು ನೋಡಿ ಮಾಡಿದ್ದು. ಆದರೂ ಬಸ್ಸಿಗೆ ಚೆನ್ನಾಗಿಯೇ ಹೊಂದುತ್ತದೆ.

ಮೊದಲನೆಯದು ಕಣ್ಣಿಗೆ ಕಾಣುವುದು. ಸೀಟು ಹರಿದಿದೆಯೇ, ಮಳೆಗಾಲದಲ್ಲಿ ಕಿಟಕಿಯ ಟರ್ಪಾಲು ಗಟ್ಟಿ ಕೂರುತ್ತದೆಯೇ ಅಥವಾ ನೀರು ತೊಡೆಯ ಮೇಲೆ ಬೀಳುತ್ತದೆಯೇ. ಎರಡನೆಯದು ಹೇಳಿದ ಹಾಗೆ ನಡೆದುಕೊಳ್ಳುವುದು. ರಾತ್ರಿಯ ಕೊನೆಯ ಟ್ರಿಪ್ ನಿಜಕ್ಕೂ ಬರುತ್ತದೆಯೇ, ಅಥವಾ ಜನ ಕಡಿಮೆ ಎಂದು ಅರ್ಧ ದಾರಿಯಲ್ಲೇ ತಿರುಗುತ್ತದೆಯೇ. ಮೂರನೆಯದು ಕೇಳಿದಾಗ ಸ್ಪಂದಿಸುವುದು. ಚಿಲ್ಲರೆ ಬಾಕಿ ಕೇಳಿದರೆ, ಈ ಬಸ್ಸು ದೇರಳಕಟ್ಟೆಗೆ ಹೋಗುತ್ತದಾ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆಯೇ. ನಾಲ್ಕನೆಯದು ಧೈರ್ಯ. ಡ್ರೈವರ್ ಓಡಿಸುವ ರೀತಿ ನೋಡಿ ನಿಶ್ಚಿಂತೆಯಿಂದ ಕೂರಬಹುದೇ, ಹೆಣ್ಣುಮಕ್ಕಳು ರಾತ್ರಿ ಒಬ್ಬರೇ ಹೋಗಬಹುದೇ. ಐದನೆಯದು ಕಾಳಜಿ. ಕೋಲೂರಿಕೊಂಡು ಬಂದ ಅಜ್ಜಿ ಮೆಟ್ಟಿಲು ಹತ್ತಿ ಹಿಡಿಕೆ ಹಿಡಿಯುವವರೆಗೆ ವಿಷಲ್ ಊದದೆ ನಿಲ್ಲುತ್ತಾರೆಯೇ.

ಒಟ್ಟು 22 ಪ್ರಶ್ನೆ. ಪ್ರತಿಯೊಂದನ್ನೂ ಎರಡು ಸಲ ಕೇಳುತ್ತಾರೆ. ಒಳ್ಳೆಯ ಬಸ್ಸು ಹೇಗಿರಬೇಕು ಎಂದು ಒಮ್ಮೆ, ಈ ಬಸ್ಸು ಹೇಗಿದೆ ಎಂದು ಇನ್ನೊಮ್ಮೆ. ಎರಡನೆಯ ಅಂಕದಿಂದ ಮೊದಲನೆಯದನ್ನು ಕಳೆದರೆ ಸಿಗುವುದೇ ಅಂತರ. ನಿರೀಕ್ಷೆ 5, ಅನುಭವ 3 ಆದರೆ ಅಂತರ ಮೈನಸ್ 2.

ಹಂಪನಕಟ್ಟೆಯಲ್ಲಿ ಹತ್ತಿ ಕಂಕನಾಡಿಯಲ್ಲಿ ಇಳಿಯುವವರು ಒಂದು ಕೈಯಲ್ಲಿ ಕಂಬಿ ಹಿಡಿದು 44 ಪ್ರಶ್ನೆಗೆ ಉತ್ತರಿಸಲು ಆಗುತ್ತದೆಯೇ? ಆಗುವುದಿಲ್ಲ. ಅದೂ ಅಲ್ಲದೆ 'ಒಳ್ಳೆಯ ಬಸ್ಸು ಹೇಗಿರಬೇಕು' ಎಂದರೆ ಎಲ್ಲರೂ ಎಲ್ಲದಕ್ಕೂ 5 ಹಾಕುತ್ತಾರೆ. ಹಾಗಾಗಿ ಕ್ರೋನಿನ್ ಮತ್ತು ಟೇಲರ್ ಎಂಬಿಬ್ಬರು 1992ರಲ್ಲಿ, ನಿರೀಕ್ಷೆಯ ಭಾಗವನ್ನೇ ಬಿಟ್ಟು ಅನುಭವವನ್ನು ಮಾತ್ರ ಕೇಳಿದರೆ ಸಾಕು ಎಂದು ವಾದಿಸಿದರು. ಅದು 'ಸರ್ವ್‌ಪರ್ಫ್'. ಬಸ್ಸಿನ ಸಮೀಕ್ಷೆಗೆ ನನಗೆ ಇದೇ ಸರಿ ಅನ್ನಿಸುತ್ತದೆ. ನಿಂತುಕೊಂಡು ಉತ್ತರ ಕೊಡುವವರ ಸಮಯಕ್ಕೂ ಬೆಲೆ ಇದೆ.

ಹತ್ತು ನಿಮಿಷಕ್ಕೊಂದು ಬಸ್ಸಿದ್ದರೂ ಕಾಯುವುದು ಯಾಕೆ ಜಾಸ್ತಿ?

ಈ ವಿಷಯದಲ್ಲಿ ಮಾಲೀಕರು, ಪ್ರಯಾಣಿಕರು ಇಬ್ಬರೂ ನಿಜವನ್ನೇ ಹೇಳುತ್ತಾ ಜಗಳವಾಡುತ್ತಾರೆ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಮಾರ್ಗದಲ್ಲಿ ಗಂಟೆಗೆ ಆರು ಬಸ್ಸು ಇವೆ ಎಂದಿಟ್ಟುಕೊಳ್ಳಿ. ಸರಾಸರಿ 10 ನಿಮಿಷಕ್ಕೊಂದು. ಎಲ್ಲವೂ ಸರಿಯಾಗಿ ಹತ್ತು ಹತ್ತು ನಿಮಿಷದ ಅಂತರದಲ್ಲಿ ಬಂದರೆ, ಯಾವುದೋ ಹೊತ್ತಿಗೆ ಸ್ಟಾಪಿಗೆ ಬಂದು ನಿಂತವರು ಸರಾಸರಿ 5 ನಿಮಿಷ ಕಾಯುತ್ತಾರೆ. ಈಗ ಅದೇ ಆರು ಬಸ್ಸು ಜೋಡಿ ಜೋಡಿಯಾಗಿ ಬಂದವು ಅನ್ನಿ. ಒಂದರ ಹಿಂದೆ 2 ನಿಮಿಷಕ್ಕೆ ಇನ್ನೊಂದು, ಆಮೇಲೆ 18 ನಿಮಿಷ ಏನೂ ಇಲ್ಲ. ಬಸ್ಸುಗಳ ಸಂಖ್ಯೆ ಅದೇ ಆರು, ಸರಾಸರಿ ಅಂತರ ಅದೇ 10 ನಿಮಿಷ. ಆದರೆ 20 ನಿಮಿಷದಲ್ಲಿ 18 ನಿಮಿಷ ಖಾಲಿ ಇರುವುದರಿಂದ, ಸ್ಟಾಪಿಗೆ ಬರುವ ಹತ್ತು ಜನರಲ್ಲಿ ಒಂಬತ್ತು ಜನ ಆ ಖಾಲಿ ಹೊತ್ತಿನಲ್ಲೇ ಬಂದು ನಿಲ್ಲುತ್ತಾರೆ. ಅವರು ಸರಾಸರಿ 9 ನಿಮಿಷ ಕಾಯುತ್ತಾರೆ. ಉಳಿದ ಒಬ್ಬರು 1 ನಿಮಿಷ. ಎಲ್ಲರದ್ದೂ ಸೇರಿಸಿದರೆ ಸರಾಸರಿ 8.2 ನಿಮಿಷ.

ಅಂದರೆ ಒಂದೂ ಟ್ರಿಪ್ ಕಟ್ ಆಗಿಲ್ಲ, ಆದರೂ ಕಾಯುವುದು 5 ನಿಮಿಷದಿಂದ 8.2ಕ್ಕೆ, ಅಂದರೆ ಶೇ 64ರಷ್ಟು ಏರಿತು. ಕಚೇರಿಯ ಕಾಗದದಲ್ಲಿ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ.

ಬಸ್ಸುಗಳು ಹೀಗೆ ಒಟ್ಟಿಗೆ ಬರುವುದಕ್ಕೆ ಕಾರಣ ಇದೆ. ಮುಂದಿನ ಬಸ್ಸು ನಂತೂರಿನಲ್ಲೋ ಪಂಪ್‌ವೆಲ್‌ನಲ್ಲೋ ಟ್ರಾಫಿಕ್‌ಗೆ ಸಿಕ್ಕಿ ಸ್ವಲ್ಪ ತಡವಾದರೆ, ಮುಂದಿನ ಸ್ಟಾಪಿನಲ್ಲಿ ಅದಕ್ಕೆ ಕಾಯುವವರು ಜಾಸ್ತಿಯಾಗುತ್ತಾರೆ. ಅವರೆಲ್ಲ ಹತ್ತುವಾಗ ಅದು ಇನ್ನೂ ತಡವಾಗುತ್ತದೆ. ಹಿಂದಿನದಕ್ಕೆ ಜನವೇ ಉಳಿದಿರುವುದಿಲ್ಲ, ಅದು ಬೇಗ ಬೇಗ ಬಂದು ಮುಂದಿನದನ್ನು ಮುಟ್ಟುತ್ತದೆ. ಇದು ಜಗತ್ತಿನ ಎಲ್ಲ ಊರಿನಲ್ಲೂ ಆಗುತ್ತದೆ. ನಮ್ಮಲ್ಲಿ ಇದರ ಮೇಲೆ ಇನ್ನೊಂದು ಸೇರಿಕೊಳ್ಳುತ್ತದೆ. ಎರಡು ಬಸ್ಸಿಗೆ ಎರಡು ಮಾಲೀಕರು, ಇಬ್ಬರಿಗೂ ದಿನದ ಕಲೆಕ್ಷನ್ ಬೇಕು. ಮುಂದಿನ ಬಸ್ಸು ಜನಕ್ಕಾಗಿ ಸ್ಟಾಪಿನಲ್ಲಿ ನಿಂತು ನಿಂತು ಹೋಗುತ್ತದೆ, ಹಿಂದಿನದು ಅದನ್ನು ದಾಟಲು ಓಡುತ್ತದೆ. ಟೈಮಿಂಗ್ ಬಗ್ಗೆ ಕಂಡಕ್ಟರುಗಳ ನಡುವೆ ಮಾತಿಗೆ ಮಾತು ಬೆಳೆಯುವುದನ್ನು ಇಲ್ಲಿ ಯಾರು ನೋಡಿಲ್ಲ?

ಇಷ್ಟು ಗಡಿಯಾರದ ಲೆಕ್ಕ. ಮನಸ್ಸಿನ ಲೆಕ್ಕ ಬೇರೆಯೇ ಇದೆ. ಕಾಯುವ ಒಂದು ನಿಮಿಷ, ಬಸ್ಸಿನೊಳಗೆ ಕುಳಿತು ಹೋಗುವ ಒಂದು ನಿಮಿಷಕ್ಕಿಂತ ಉದ್ದ ಅನ್ನಿಸುತ್ತದೆ. ಸಾರಿಗೆಯ ಲೆಕ್ಕಾಚಾರಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಪಟ್ಟು ತೂಕ ಕೊಡುತ್ತಾರೆ. ಕಾಯುವುದರ ಮನಶ್ಶಾಸ್ತ್ರದ ಬಗ್ಗೆ 1985ರಲ್ಲಿ ಬರೆದ ಡೇವಿಡ್ ಮೈಸ್ಟರ್ ಹೇಳಿದ ಒಂದು ಮಾತು ಬಸ್ ಸ್ಟಾಪಿಗೇ ಬರೆದ ಹಾಗಿದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲದೆ ಕಾಯುವುದು, ಗೊತ್ತಿದ್ದು ಕಾಯುವುದಕ್ಕಿಂತ ದೀರ್ಘ ಅನ್ನಿಸುತ್ತದೆ. ಮೊಬೈಲಿನಲ್ಲಿ "ಬಸ್ಸು ಕೊಟ್ಟಾರ ಚೌಕಿ ದಾಟಿದೆ" ಎಂದು ಕಂಡರೆ ಬಸ್ಸು ಒಂದು ನಿಮಿಷವೂ ಬೇಗ ಬರುವುದಿಲ್ಲ. ಆದರೆ ಚಡಪಡಿಕೆ ಇಳಿಯುತ್ತದೆ, ಸಮೀಕ್ಷೆಯಲ್ಲಿ ಅಂಕ ಏರುತ್ತದೆ. ಅದು ಮೋಸ ಅಲ್ವಾ ಎಂದು ಕೆಲವರು ಕೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬಸ್ಸು ಎಲ್ಲಿದೆ ಎಂದು ಗೊತ್ತಾದವರು ಆ ಹತ್ತು ನಿಮಿಷದಲ್ಲಿ ತರಕಾರಿ ತಗೊಂಡು ಬರಬಹುದು. ಅದು ನಿಜವಾದ ಉಪಕಾರವೇ.

ರಶ್ಶಿನ ಲೆಕ್ಕವೂ ಹೀಗೇ

ಒಂದು ಬಸ್ಸು ಬೆಳಗ್ಗೆ 60 ಜನರನ್ನು ಹೊತ್ತು ಬಂತು, ಮಧ್ಯಾಹ್ನ ಅದೇ ಬಸ್ಸಿನಲ್ಲಿ 10 ಜನ ಇದ್ದರು. ಟ್ರಿಪ್ಪಿಗೆ ಸರಾಸರಿ 35 ಜನ. ಕಾಗದದಲ್ಲಿ ನೋಡಿದರೆ ಎಲ್ಲರಿಗೂ ಸೀಟು ಸಿಕ್ಕಿರಬೇಕು. ಆದರೆ ಆ 70 ಜನರನ್ನು ಕೇಳಿ. 60 ಜನ "ಕಾಲಿಡಲು ಜಾಗ ಇರಲಿಲ್ಲ" ಅನ್ನುತ್ತಾರೆ. ಹತ್ತೇ ಜನ ಆರಾಮ ಅನ್ನುತ್ತಾರೆ. ಪ್ರಯಾಣಿಕರ ಕಣ್ಣಿನಿಂದ ಲೆಕ್ಕ ಹಾಕಿದರೆ ಬಸ್ಸಿನಲ್ಲಿ ಸರಾಸರಿ 53 ಜನ ಇದ್ದಂತೆ. ಖಾಲಿ ಬಸ್ಸನ್ನು ನೋಡಲು ಅಲ್ಲಿ ಜನವೇ ಇರುವುದಿಲ್ಲವಲ್ಲ.

ಪ್ರಶ್ನೆ ಕೇಳುವ ರೀತಿ

ಒಂದರಿಂದ ಐದರವರೆಗಿನ ಮೆಟ್ಟಿಲು ಅಮೆರಿಕದ ರೆನ್ಸಿಸ್ ಲೈಕರ್ಟ್ 1932ರಲ್ಲಿ ತಂದ ವಿಧಾನದಿಂದ ಬಂದದ್ದು. ಪೂರ್ತಿ ಒಪ್ಪುತ್ತೇನೆ ಎಂಬುದರಿಂದ ಒಂಚೂರೂ ಒಪ್ಪುವುದಿಲ್ಲ ಎಂಬವರೆಗೆ. ನೋಡಲು ಸುಲಭ, ಆದರೆ ಪ್ರಶ್ನೆ ಕೆಟ್ಟರೆ ಅಂಕವೂ ಕೆಡುತ್ತದೆ.

"ಬಸ್ಸು ಸ್ವಚ್ಛವಾಗಿಯೂ ಸಮಯಕ್ಕೆ ಸರಿಯಾಗಿಯೂ ಇರುತ್ತದೆಯೇ?" ಎಂಬ ಪ್ರಶ್ನೆ ನೋಡಿ. ಸ್ವಚ್ಛ ಇದೆ, ಆದರೆ ಲೇಟ್. ಏನು ಹಾಕುವುದು? 3 ಹಾಕುತ್ತೇವೆ. ಆ 3ರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. "ಅತಿವೇಗದ ಚಾಲನೆಯಿಂದ ನಿಮಗೆ ಭಯವಾಗುತ್ತದೆಯೇ?" ಎಂದು ಕೇಳಿದರೆ ಅತಿವೇಗ ಇದೆ ಎಂದು ಪ್ರಶ್ನೆಯೇ ತೀರ್ಮಾನಿಸಿ ಆಗಿದೆ. "ಈ ಬಸ್ಸಿನ ವೇಗ ನಿಮಗೆ ಹೇಗನ್ನಿಸುತ್ತದೆ? ಕಡಿಮೆಯೇ, ಸರಿಯೇ, ಜಾಸ್ತಿಯೇ?" ಎಂದರೆ ಎರಡೂ ಕಡೆ ಬಾಗಿಲು ತೆರೆದಿರುತ್ತದೆ. ಕಳೆದ ಒಂದು ವಾರದ ಬಗ್ಗೆ ಕೇಳುವುದು, ಸುಮ್ನೆ 'ಸಾಮಾನ್ಯವಾಗಿ ಹೇಗೆ' ಎಂದು ಕೇಳುವುದಕ್ಕಿಂತ ಮೇಲು.

ಯಾರ ಎದುರು ಕೇಳುತ್ತಾರೆ ಎಂಬುದೂ ಮುಖ್ಯ. ಬಸ್ಸಿನೊಳಗೆ, ದಿನಾ ನೋಡುವ ಕಂಡಕ್ಟರ್ ಎರಡು ಅಡಿ ದೂರದಲ್ಲಿ ನಿಂತಿರುವಾಗ ಅವರ ನಡವಳಿಕೆಗೆ ಯಾರು 1 ಅಂಕ ಕೊಡುತ್ತಾರೆ? ನಾಳೆಯೂ ಅದೇ ಬಸ್ಸು ಹತ್ತಬೇಕು. ಭಾಷೆಯದ್ದೂ ಹಾಗೇ. ತುಳು, ಬ್ಯಾರಿ, ಕೊಂಕಣಿ ಮಾತಾಡುವವರಿಂದ ತುಂಬಿದ ಬಸ್ಸಿನಲ್ಲಿ ಇಂಗ್ಲಿಷ್ ಫಾರ್ಮ್ ಹಂಚಿದರೆ ಉತ್ತರ ಬರುವುದು ಕಾಲೇಜಿನ ಮಕ್ಕಳಿಂದ ಮಾತ್ರ. ಕೇಳುವವರು ಪ್ರಶ್ನೆಯನ್ನು ಅವರವರ ಮಾತಿನಲ್ಲೇ ಓದಿ ಹೇಳಿ, ಗುರುತು ತಾವೇ ಹಾಕಿಕೊಂಡರೆ ಅಜ್ಜಿಯ ಅನಿಸಿಕೆಯೂ ಸೇರುತ್ತದೆ. ಸೀಟಿನ ಹಿಂದೆ ಅಂಟಿಸಿದ ಕ್ಯೂಆರ್ ಕೋಡ್‌ಗೂ ಇದೇ ಮಿತಿ. ಸ್ಮಾರ್ಟ್‌ಫೋನ್ ಇದ್ದವರು, ಅದರಲ್ಲೂ ಸಿಟ್ಟು ಬಂದವರು ಸ್ಕ್ಯಾನ್ ಮಾಡುತ್ತಾರೆ. ದೂರು ತಿಳಿಯಲು ಅದು ಒಳ್ಳೆಯದು. ಎಲ್ಲ ಪ್ರಯಾಣಿಕರ ಸರಾಸರಿ ತಿಳಿಯಲು ಸಾಲದು.

ಪ್ರಯಾಣದ ಯಾವ ಹಂತದಲ್ಲಿ ಕೇಳಿದಿರಿ ಎಂಬುದೂ ಉತ್ತರವನ್ನು ತಿರುಗಿಸುತ್ತದೆ. ಮನುಷ್ಯ ಒಂದು ಅನುಭವವನ್ನು ನೆನಪಿಟ್ಟುಕೊಳ್ಳುವಾಗ ಇಡೀ ಹೊತ್ತನ್ನು ಸಮವಾಗಿ ನೆನಪಿಡುವುದಿಲ್ಲ. ಅತಿ ತೀವ್ರವಾಗಿ ಅನ್ನಿಸಿದ ಕ್ಷಣ ಮತ್ತು ಕೊನೆಯ ಕ್ಷಣ ಇವೆರಡೇ ಹೆಚ್ಚು ಉಳಿಯುತ್ತವೆ ಎಂದು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು 1993ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಸುರತ್ಕಲ್‌ನಿಂದ ಕಿಟಕಿ ಪಕ್ಕ ಕುಳಿತು ಗಾಳಿ ಕುಡಿಯುತ್ತಾ ಬಂದವರಿಗೂ, ಇಳಿಯುವಾಗ ಒಂದು ಕಾಲು ನೆಲಕ್ಕೆ ತಾಗುವ ಮೊದಲೇ ವಿಷಲ್ ಊದಿದರೆ ಆ ಕೊನೆಯ ಗಾಬರಿಯೇ ನೆನಪಿನಲ್ಲಿ ಉಳಿಯುತ್ತದೆ. ದುಡ್ಡು ಖರ್ಚಿಲ್ಲದೆ ಅಂಕ ಏರಿಸುವ ದಾರಿ ಯಾವುದು ಎಂದು ಮಾಲೀಕರು ಕೇಳಿದರೆ ನಾನು ತೋರಿಸುವುದು ಇದನ್ನೇ. ಇಳಿಯುವವರಿಗೆ ಇನ್ನೆರಡು ಸೆಕೆಂಡ್ ಕೊಡಿ.

ಎಷ್ಟು ಜನರನ್ನು ಕೇಳಬೇಕು?

ಪ್ರಯಾಣಿಕರು ಲಕ್ಷದಷ್ಟಿದ್ದರೂ, ಯಾರಿಗೂ ಪಕ್ಷಪಾತವಿಲ್ಲದೆ ಆರಿಸಿದ ಸುಮಾರು 385 ಜನರನ್ನು ಕೇಳಿದರೆ ಶೇ 5ರಷ್ಟು ಆಚೀಚೆಯ ಒಳಗೆ ಉತ್ತರ ಸಿಗುತ್ತದೆ. ಇಂಥ ಇಪ್ಪತ್ತು ಸಮೀಕ್ಷೆ ಮಾಡಿದರೆ ಸುಮಾರು ಹತ್ತೊಂಬತ್ತರಲ್ಲಿ ಇದು ನಿಜವಾಗುತ್ತದೆ. ಕಾಲೇಜು ಪ್ರಾಜೆಕ್ಟುಗಳಲ್ಲಿ 384, 385, 400 ಎಂಬ ಸಂಖ್ಯೆ ಮತ್ತೆ ಮತ್ತೆ ಕಾಣುವುದು ಇದೇ ಕಾರಣಕ್ಕೆ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಆ 400ರಲ್ಲಿ ಹಿರಿಯರು 60 ಜನ ಮಾತ್ರ ಇದ್ದರೆ, ಹಿರಿಯರ ಬಗ್ಗೆ ಹೇಳುವ ಮಾತಿಗೆ ಶೇ 13ರಷ್ಟು ಆಚೀಚೆ ಇರುತ್ತದೆ. ಹಿರಿಯರಲ್ಲಿ ಅರ್ಧದಷ್ಟು ಜನ ತೃಪ್ತರು ಎಂದು ವರದಿಯಲ್ಲಿದ್ದರೆ, ನಿಜ ಸಂಖ್ಯೆ 37ರಿಂದ 63ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಮಹಿಳೆಯರು, ಹಿರಿಯರು, ರಾತ್ರಿ ಪ್ರಯಾಣಿಕರು ಎಂದು ಬೇರೆ ಬೇರೆ ತಿಳಿಯಬೇಕಾದರೆ ಪ್ರತಿ ಗುಂಪಿನಿಂದಲೂ ಸಾಕಷ್ಟು ಜನ ಬೇಕು.

ಇನ್ನು ಕಾಲ. ನಮ್ಮಲ್ಲಿ ಜನವರಿಯ ಬಸ್ಸೂ ಜುಲೈಯ ಬಸ್ಸೂ ಒಂದೇ ಅಲ್ಲ. ಮಳೆಗಾಲದಲ್ಲಿ ಟರ್ಪಾಲು ಎಳೆದ ಬಸ್ಸಿನೊಳಗೆ ಕತ್ತಲೆ, ಸೆಕೆ, ಒದ್ದೆ ಕೊಡೆ. ಹೊರಗೆ ಹೊಂಡ ಬಿದ್ದ ರಸ್ತೆ. ಕಾಲೇಜುಗಳಲ್ಲಿ ಪ್ರಾಜೆಕ್ಟ್ ಕೆಲಸ ಹೆಚ್ಚಾಗಿ ನಡೆಯುವುದು ಬೇಸಗೆಗೆ ಮೊದಲು. ಒಣ ಹವೆಯಲ್ಲಿ ಮಾಡಿದ ಸಮೀಕ್ಷೆ ವರ್ಷದ ನಾಲ್ಕು ಒದ್ದೆ ತಿಂಗಳ ಬಗ್ಗೆ ಏನೂ ಹೇಳುವುದಿಲ್ಲ.

ಸರಾಸರಿ ಮುಚ್ಚಿಡುವುದು

ಹತ್ತು ಜನರೂ 3 ಕೊಟ್ಟರೆ ಸರಾಸರಿ 3. ಐದು ಜನ 5, ಐದು ಜನ 1 ಕೊಟ್ಟರೂ ಸರಾಸರಿ 3. ಮೊದಲನೆಯದು ಸಾಧಾರಣ ಬಸ್ಸು. ಎರಡನೆಯದರಲ್ಲಿ ಯಾರಿಗೋ ಅನ್ಯಾಯವಾಗುತ್ತಿದೆ. ಆದ್ದರಿಂದ ವರದಿಯಲ್ಲಿ ಸರಾಸರಿಯ ಜೊತೆಗೆ 1 ಮತ್ತು 2 ಕೊಟ್ಟವರು ಶೇಕಡಾ ಎಷ್ಟು, ಅವರು ಯಾರು ಎಂಬುದೂ ಇರಬೇಕು.

ಅಂಕ ಬಂದ ಮೇಲೆ ಏನನ್ನು ಮೊದಲು ಸರಿಪಡಿಸುವುದು? ಯಾವುದು ಮುಖ್ಯ ಎಂದು ನೇರವಾಗಿ ಕೇಳಿದರೆ ಜನ ಎಲ್ಲವೂ ಮುಖ್ಯ ಅನ್ನುತ್ತಾರೆ. ಅದಕ್ಕೆ ಒಂದು ಉಪಾಯ ಇದೆ. ಕೊನೆಯಲ್ಲಿ "ಒಟ್ಟಾರೆ ಬಸ್ಸಿಗೆ ಎಷ್ಟು ಅಂಕ?" ಎಂದು ಕೇಳುತ್ತಾರೆ. ಯಾವ ಪ್ರಶ್ನೆಯ ಅಂಕ ಏರಿದಾಗ ಒಟ್ಟು ಅಂಕವೂ ಏರುತ್ತದೆ, ಇಳಿದಾಗ ಇಳಿಯುತ್ತದೆ ಎಂದು ನೋಡುತ್ತಾರೆ. ಸೀಟಿನ ಅಂಕ ಏನಾದರೂ ಒಟ್ಟು ಅಂಕ ಅಲುಗಾಡದೆ, ಡ್ರೈವಿಂಗ್‌ನ ಅಂಕದ ಜೊತೆ ಅದು ಏರಿಳಿಯುತ್ತಿದ್ದರೆ, ಜನರ ಮನಸ್ಸಿನಲ್ಲಿ ಭಾರ ಇರುವುದು ಡ್ರೈವಿಂಗ್‌ಗೆ. ಬಳಿಕ ಎಲ್ಲವನ್ನೂ ನಾಲ್ಕು ಚೌಕದಲ್ಲಿ ಇಡುತ್ತಾರೆ. 1977ರಿಂದ ಬಳಕೆಯಲ್ಲಿರುವ ವಿಧಾನ ಇದು. ಜನರಿಗೆ ತುಂಬ ಮುಖ್ಯ, ಆದರೆ ಅಂಕ ಕಡಿಮೆ ಎಂಬ ಚೌಕದಲ್ಲಿ ಏನು ಬಿತ್ತೋ ಅದಕ್ಕೆ ಮೊದಲು ಕೈ ಹಾಕಬೇಕು.

ಬಸ್ಸಿನಲ್ಲಿ ಇಲ್ಲದವರ ಅನಿಸಿಕೆ

ನನ್ನನ್ನು ಹೆಚ್ಚು ಕಾಡುವುದು ಈ ಭಾಗ. ಬಸ್ಸಿನಲ್ಲಿ, ಸ್ಟಾಪಿನಲ್ಲಿ ಮಾಡುವ ಸಮೀಕ್ಷೆ ಕೇಳುವುದು ಈಗಲೂ ಬಸ್ಸು ಹತ್ತುತ್ತಿರುವವರನ್ನು. ಬೇಸತ್ತು ಸ್ಕೂಟರ್ ತಗೊಂಡವರು ಅಲ್ಲಿ ಸಿಗುವುದಿಲ್ಲ. ಕತ್ತಲಾದ ಮೇಲೆ ಬಸ್ಸು ಸಿಗುವುದಿಲ್ಲವೆಂದು ಮಾಲ್‌ನ ಕೆಲಸವನ್ನೇ ಬಿಟ್ಟ ಹುಡುಗಿ ಸಿಗುವುದಿಲ್ಲ. ಮೊಣಕಾಲು ನೋವಿನಿಂದ ಎತ್ತರದ ಮೆಟ್ಟಿಲು ಹತ್ತಲಾಗದೆ ಆಟೋಕ್ಕೆ ದುಡ್ಡು ಸುರಿಯುವವರು ಸಿಗುವುದಿಲ್ಲ. ಲೋ ಫ್ಲೋರ್ ಬಸ್ಸಿನ ಒಳನೆಲ ರಸ್ತೆಯಿಂದ ಸುಮಾರು 400 ಮಿ.ಮೀ. ಎತ್ತರದಲ್ಲಿರುತ್ತದೆ. 900 ಮಿ.ಮೀ. ಎತ್ತರದ ಬಸ್ಸುಗಳೂ ಇವೆ. ಗಾಲಿಕುರ್ಚಿಯವರಿಗೆ ಅದು ಗೋಡೆಯೇ. ಅತಿ ಕಡಿಮೆ ಅಂಕ ಕೊಡಬೇಕಾದವರೇ ಲೆಕ್ಕದಿಂದ ಹೊರಗೆ ಉಳಿದರೆ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಬಸ್ಸು ಕೆಟ್ಟಷ್ಟೂ ಬೇಸತ್ತವರು ಬಿಟ್ಟುಹೋಗಿ, ಉಳಿದವರ ಅಂಕ ಮೇಲೇರಲೂಬಹುದು.

ಇವರನ್ನು ಹುಡುಕಲು ಮನೆಗಳಿಗೇ ಹೋಗಬೇಕು. ವಾರ್ಡಿನಿಂದ ಕೆಲವು ಮನೆ ಆರಿಸಿ, ಮನೆಯ ಎಲ್ಲರೂ ನಿನ್ನೆ ಎಲ್ಲೆಲ್ಲಿಗೆ, ಯಾವುದರಲ್ಲಿ ಹೋದರು ಎಂದು ಬರೆದುಕೊಳ್ಳುತ್ತಾರೆ. ಬಸ್ಸು ಹತ್ತದವರಿಗೆ ಅಂಕ ಕೇಳಿ ಫಲವಿಲ್ಲ, ಆಯ್ಕೆ ಕೊಟ್ಟು ಕೇಳುತ್ತಾರೆ. ಟಿಕೆಟ್ 5 ರೂಪಾಯಿ ಜಾಸ್ತಿ, ಆದರೆ ರಾತ್ರಿ 10ರವರೆಗೆ ಅರ್ಧ ಗಂಟೆಗೊಂದು ಬಸ್ಸು ಖಚಿತ. ಅಥವಾ ಈಗಿನ ದರ, ಈಗಿನ ಟೈಮಿಂಗ್. ಎರಡರಲ್ಲಿ ಯಾವುದಾದರೆ ಹತ್ತುತ್ತೀರಿ? ಇಂಥ ಕೆಲವು ಜೋಡಿಗಳನ್ನು ಮುಂದಿಟ್ಟು ಬಂದ ಉತ್ತರಗಳಿಂದ ಒಂದು ರಾತ್ರಿ ಟ್ರಿಪ್ಪಿಗೆ, ಒಂದು ತಗ್ಗಿನ ಮೆಟ್ಟಿಲಿಗೆ ಜನ ಎಷ್ಟು ಬೆಲೆ ಕಟ್ಟುತ್ತಾರೆ ಎಂದು ರೂಪಾಯಿಯಲ್ಲೇ ಲೆಕ್ಕ ಹಾಕಬಹುದು. ಪರ್ಮಿಟ್ ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಬರುತ್ತದೆ. ಆ ಲೆಕ್ಕವನ್ನು ಪ್ರಾಧಿಕಾರದ ಮೇಜಿನ ಮೇಲೆ ಇಡಲು ಅದು ಸರಿಯಾದ ಹೊತ್ತು.